ಎರಡನೇ ತೊಟ್ಟಿಯ ಮೀನುಗಳು

ಹತ್ತೊಂಬತ್ತನೇ ಪುಸ್ತಕವನ್ನು ಅರವತ್ತೆರಡನೇ ಸಲ ತೆರೆಯುತ್ತಿದ್ದಾಗ ಅದರ ಬೆನ್ನಿನೊಳಗಿಂದ ಚಟ್ ಎಂದು ಸದ್ದು ಬಂತು. ಬೆರಳಿನ ಗೆಣ್ಣು ಮುರಿದಷ್ಟೇ ಸಣ್ಣ ಸದ್ದು. ಬೇರೆ ಯಾರಾದರೂ ಆಗಿದ್ದರೆ ಕುರ್ಚಿ ಕಿರುಗುಟ್ಟಿತೆಂದುಕೊಂಡು ಸುಮ್ಮನಾಗುತ್ತಿದ್ದರು. ಅವಳು ಕೈ ನಿಲ್ಲಿಸಿ ಕಣ್ಣು ಮುಚ್ಚಿದಳು. ಆಮೇಲೆ ಅದರ ಬೆನ್ನಿಗೆ ಕೆಂಪು ಚುಕ್ಕೆ ಇಟ್ಟು ಬದಿಗೆ ಸರಿಸಿದಳು.

ಅಂಗೈಯಗಲದ ನಲವತ್ತು ಪುಸ್ತಕಗಳು. ಒಳಗೆ ಒಂದಕ್ಷರವೂ ಇಲ್ಲ, ಬರೀ ಬಿಳಿ ಹಾಳೆ. ಹಿಟ್ಟಿನ ಗಿರಣಿಯಲ್ಲಿ ಉಳಿಯುವ ಹೊಟ್ಟಿನಿಂದ ಅವಳೇ ಕುದಿಸಿ ಇಳಿಸಿದ ಅಂಟಿನಲ್ಲಿ ಅವುಗಳ ಬೆನ್ನು ಕೂಡಿಸಿದ್ದಳು. ದಿನಕ್ಕೆ ಹತ್ತರಂತೆ ಎತ್ತಿಕೊಂಡು, ಒಂದೊಂದನ್ನೂ ನೂರು ಸಲ ತೆರೆದು ಮುಚ್ಚಿ ಕಿವಿಗೊಡುವುದು ಅವಳ ಬೆಳಗಿನ ಕೆಲಸ. ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತಮೂರು, ಉಳಿದ ಸಂಶೋಧಕರಿಗೆಲ್ಲ ಅಕ್ಕನೇ. ಶಾಲೆಯೊಂದರ ಲೈಬ್ರರಿಯಲ್ಲಿ ಹನ್ನೆರಡು ವರ್ಷ ಹರಿದ ಪುಸ್ತಕಗಳಿಗೆ ತೇಪೆ ಹಾಕಿ ಹಾಕಿ, ಈ ಅಂಟಿಗೇನು ರೋಗ, ಯಾಕೆ ಹೀಗೆ ಕೈಕೊಡುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಪಿಎಚ್‌ಡಿಗೆ ಬಂದವಳು.

ನಲವತ್ತರಲ್ಲಿ ಇದು ಹದಿನೇಳನೇ ಕೆಂಪು ಚುಕ್ಕೆ.

"ಅಂಟಕ್ಕಾ, ನಿಧಿಯಿಂದ ಕಾಗದ," ಎನ್ನುತ್ತ ಹುಳಿ ಒಳಗೆ ಬಂದಳು. ಹಳೆಯ ಕಾಗದದಲ್ಲಿ ಹುಳಿಯ ಅಂಶ ಹೇಗೆ ಹೆಚ್ಚುತ್ತದೆಂದು ಸಂಶೋಧನೆ ಮಾಡುತ್ತಿದ್ದ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು; ನಾಲಿಗೆಯೂ ಅದಕ್ಕೆ ತಕ್ಕಂತೆಯೇ ಇತ್ತು. "ಲಕೋಟೆ ತೆಳ್ಳಗಿದೆ. ಬೈಯೋರು ಉದ್ದ ಬರೀತಾರೆ, ಹೆದರ್ಕೋಬೇಡಿ."

ನಿಧಿಯೆಂದರೆ ಪುಸ್ತಕ ಕಟ್ಟುವವರ ಸಂಘದ ನಿಧಿ. ಅವಳ ಮೂರು ವರ್ಷದ ಓದು ನಿಂತಿದ್ದು ಅದರ ಮೇಲೆ. ಪ್ರತಿ ಮೂರು ತಿಂಗಳಿಗೆ ವರದಿ ಕಳಿಸಬೇಕು. ಅದನ್ನು ನೋಡಿ, ಕೆಲಸ ಮುಗಿಸಲು ನಾಲ್ಕನೇ ವರ್ಷ ಕೊಡಬೇಕೋ ಬೇಡವೋ ಎಂದು ಸಂಘದವರು ತೀರ್ಮಾನ ಮಾಡುತ್ತಾರೆ. ಐವರಲ್ಲಿ ಇಬ್ಬರಿಗೆ ಮಾತ್ರ ಸಿಗುತ್ತದೆ. ಸಿಗದಿದ್ದರೆ ಅವಳು ಬರುವ ಶೈಕ್ಷಣಿಕ ವರ್ಷಕ್ಕೆ ಶಾಲೆಯ ಲೈಬ್ರರಿಗೆ ಮರಳಬೇಕು. ಅವಳ ಜಾಗವನ್ನು ಅವರು ಅಲ್ಲಿಯವರೆಗೆ ಮಾತ್ರ ಹಿಡಿದಿಡುತ್ತೇವೆಂದಿದ್ದರು. ಅರ್ಧಕ್ಕೆ ನಿಂತ ಪ್ರಬಂಧಗಳು ಎಲ್ಲಿಗೆ ಹೋಗುತ್ತವೆಂಬುದು ಅವಳಿಗೆ ಗೊತ್ತಿತ್ತು. ಲ್ಯಾಬಿನ ಮೂಲೆಯ ಕಬ್ಬಿಣದ ಬೀರುವಿನಲ್ಲಿ ಅಂಥವು ಆರು ಇದ್ದವು, ಬೀರುವಿನ ಬೀಗದ ಕೈಯೂ ಕಳೆದುಹೋಗಿತ್ತು.

ಲಕೋಟೆಯೊಳಗೆ ಒಂದೇ ಹಾಳೆ. ದುಂಡಗಿನ ಕೈಬರಹ.

"ನಿಮ್ಮ ಹನ್ನೊಂದನೇ ವರದಿ ತಲುಪಿತು. ಎರಡನೇ ತೊಟ್ಟಿಯ ಮೀನುಗಳು ಆರೋಗ್ಯವಾಗಿವೆ ಎಂದು ತಿಳಿದು ಸಂತೋಷವಾಯಿತು. ಅಂಟಿನ ಆರೋಗ್ಯ ಹೇಗಿದೆ? ಇಂತಿ, ಕಾರ್ಯದರ್ಶಿ."

ಅವಳ ಕಿವಿ ಬಿಸಿಯಾದವು. ಹುಳಿ ಹೆಗಲ ಮೇಲಿಂದ ಬಗ್ಗಿ ಓದಿದಳು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ನಗು ತಡೆಯಲಾರದೆ ಮೇಜು ಹಿಡಿದುಕೊಂಡಳು.

"ಅಯ್ಯೋ ಅಂಟಕ್ಕಾ! ಅಜ್ಜಿ ಕೈಕೊಟ್ಟಳು!"

ಅಜ್ಜಿ ಎಂದರೆ ಒಂದು ಫೈಲು. ಲ್ಯಾಬಿನ ಕಂಪ್ಯೂಟರಿನಲ್ಲಿ ತಲೆಮಾರುಗಳಿಂದ ಇಳಿದುಬಂದ ಮಾದರಿ ವರದಿ. ಯಾರು ಯಾವ ನಿಧಿಗೆ ಬರೆಯುವುದಿದ್ದರೂ ಅಜ್ಜಿಯನ್ನು ಎಬ್ಬಿಸಿ, ಹೆಸರು ಬದಲಿಸಿ, ದಿನಾಂಕ ಬದಲಿಸಿ, ನಡುವೆ ತಮ್ಮದು ನಾಲ್ಕು ಸಾಲು ತುರುಕಿ ಕಳಿಸಿಬಿಡುವುದು. 'ಕೆಲಸ ತೃಪ್ತಿಕರವಾಗಿ ಸಾಗಿದೆ' ಎಂಬುದು ಅಜ್ಜಿಯದೇ ಮಾತು. ಮೊಟ್ಟಮೊದಲು ಅದನ್ನು ಬರೆದವನು ಮುದ್ರಣಾಲಯದ ಶಾಯಿ ನೀರಿನಲ್ಲಿ ಮೀನು ಬದುಕುತ್ತವೆಯೇ ಎಂದು ನೋಡುತ್ತಿದ್ದನಂತೆ. ಅವನು ಹೋದ, ತೊಟ್ಟಿಗಳೂ ಹೋದವು. ಮೀನುಗಳು ಮಾತ್ರ ಮೂರನೇ ಪುಟದ ಕೊನೆಯಲ್ಲಿ ಇಷ್ಟು ವರ್ಷ ಆರೋಗ್ಯವಾಗಿ ಈಜಾಡಿಕೊಂಡಿದ್ದವು. ಹಿಂದಿನ ಹತ್ತು ಸಲ ಅವಳು ಆ ಸಾಲನ್ನು ನೆನಪಿಟ್ಟು ಅಳಿಸಿದ್ದಳು. ಹನ್ನೊಂದನೇ ಸಲ ಕೆಂಪು ಚುಕ್ಕೆಗಳ ಬಗ್ಗೆ ಒಂದು ಮಾತೂ ಬರೆಯದೆ ಮುಗಿಸಬೇಕಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಂತೆ, ಓದದೆಯೇ ಕಳಿಸಿಬಿಟ್ಟಿದ್ದಳು.

ಮೇಷ್ಟ್ರು, ಅಂದರೆ ಅವಳ ಗೈಡು, ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಟೈಪಿಂಗ್ ತಪ್ಪು ಅಂತ ಬರೀರಿ. ತಿದ್ದಿದ ಪ್ರತಿ ಕಳಿಸಿ. ಮುಗೀತು."

"ಸರ್, ಅಂಟು ಹೇಗಿದೆ ಅಂತ ಕೇಳಿದಾರಲ್ಲ?"

"ಚೆನ್ನಾಗಿದೆ ಅನ್ನಿ."

"ಹದಿನೇಳು ಬಿರುಕು ಬಿಟ್ಟಿವೆ."

ಮೇಷ್ಟ್ರು ಕೆಟ್ಟವರಲ್ಲ. ಇಪ್ಪತ್ತು ವರ್ಷ ಬೇರೆ ಬೇರೆ ನಿಧಿಗಳ ಬಾಗಿಲು ತಟ್ಟಿ ತಟ್ಟಿ ಗೆಣ್ಣು ಸವೆದವರು. "ನೋಡಿ, ಕೊಡೋರಿಗೆ ಹುಣ್ಣು ಬಿಚ್ಚಿ ತೋರಿಸಬಾರದು," ಎಂದರು ಮೆಲ್ಲಗೆ. "ಇನ್ನು ಹತ್ತು ವಾರಕ್ಕೆ ಅವರ ಸಭೆ. ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೊಳ್ಳೋದು ಯಾಕೆ? ಆದ್ರೂ, ಪತ್ರ ನಿಮ್ಮ ಹೆಸರಿಗೆ ಬಂದಿದೆ. ನೀವುಂಟು, ಅವರುಂಟು."

ಆ ಸಂಜೆ ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತ ಕೂತಿದ್ದರು. ಸೊಸೆ ಚಪ್ಪಲಿ ಬಿಡುವಾಗ ಅವರು ಕೇಳುವ ಪ್ರಶ್ನೆ ಮೂರು ವರ್ಷದಿಂದ ಒಂದೇ.

"ಏನಮ್ಮಾ, ನಿನ್ನ ಅಂಟು ಅಂಟಿತಾ?"

ಅವಳು ಕೊಡುವ ಉತ್ತರವೂ ಒಂದೇ: "ಹ್ಞೂಂ ಅತ್ತೆ, ಅಂಟ್ತು." ಇದೇ ದನಿಯಲ್ಲಿ ತಾನು ಫೋನಿನಲ್ಲಿ ಅಮ್ಮನಿಗೆ 'ಎಲ್ಲ ಚೆನ್ನಾಗಿದೀವಿ' ಎನ್ನುತ್ತಿದ್ದುದು ಅವಳಿಗೆ ತಟ್ಟನೆ ಹೊಳೆಯಿತು. ಗಂಡನ ಕೆಲಸ ಹೋಗಿ ಮನೆಯಲ್ಲಿ ಕೂತ ವರ್ಷದಲ್ಲೂ, ಮಗಳು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದಾಗಲೂ ಅಮ್ಮನಿಗೆ ಹೋಗಿದ್ದು ಇದೇ ಸಾಲು. ಮದುವೆಯಾಗಿ ಇಪ್ಪತ್ತೊಂದು ವರ್ಷ ಅವಳು ಎಲ್ಲರಿಗೂ ತೃಪ್ತಿಕರ ವರದಿಗಳನ್ನೇ ಒಪ್ಪಿಸಿಕೊಂಡು ಬಂದಿದ್ದಳು. ಲ್ಯಾಬಿನ ಅಜ್ಜಿ ಸಿಗುವ ಮೊದಲೇ ಅವಳೊಳಗೊಬ್ಬ ಅಜ್ಜಿ ಇದ್ದಳು.

"ಇಲ್ಲ ಅತ್ತೆ," ಎಂದಳು ಇವತ್ತು. "ಅಂಟಿತ್ತು. ಈಗ ಬಿರುಕು ಬಿಡ್ತಾ ಇದೆ. ಯಾಕೆ ಅಂತ ಗೊತ್ತಾಗ್ತಿಲ್ಲ."

ಅತ್ತೆಯ ಕೈಯಲ್ಲಿದ್ದ ದುಪ್ಪಟಿ ಅರ್ಧ ಮಡಿಕೆಯಲ್ಲೇ ನಿಂತಿತು.

"ಅಷ್ಟೇನಾ?" ಎಂದರು. "ನಾಲ್ಕು ತಿಂಗಳಿಂದ ನಿನ್ನ ಮುಖ ನೋಡಿ ನಾನು ಏನೇನೋ ಅಂದ್ಕೊಂಡಿದ್ದೆ ಕಣೇ. ಎಲ್ಲೋ ರೋಗ ಮುಚ್ಚಿಡ್ತಿದಾಳೆ ಅಂತ ಮಗನ ಹತ್ರ ಜಗಳ ಬೇರೆ ಆಡ್ದೆ. ಈ ಕಡೆ ಹಿಡಿ, ದುಪ್ಪಟಿ ನೆಲಕ್ಕೆ ತಾಗುತ್ತೆ."

ಇಬ್ಬರೂ ನಾಲ್ಕು ಮೂಲೆ ಹಿಡಿದು ಮಡಿಸಿದರು. ಅವಳಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಪುಸ್ತಕಗಳನ್ನು ತೆರೆಯುವ ಮೊದಲು ಅವಳು ಬಿಳಿ ಹಾಳೆ ಎಳೆದುಕೊಂಡಳು. ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ. ಅಲ್ಲಿ ಅಜ್ಜಿ ಕೂತಿದ್ದಳು.

"ಮಾನ್ಯರೇ, ಮೀನುಗಳು ನನ್ನವಲ್ಲ. ಹಳೆಯ ವರದಿಯೊಂದನ್ನು ನಕಲು ಮಾಡಿದಾಗ ಉಳಿದುಕೊಂಡವು. ಅಂಟಿಗೆ ಆರೋಗ್ಯವಿಲ್ಲ. ನಲವತ್ತರಲ್ಲಿ ಹದಿನೇಳು ಪುಸ್ತಕಗಳ ಬೆನ್ನು ಬಿರುಕು ಬಿಟ್ಟಿದೆ. ಬಿರುಕು ಬಿಡುತ್ತಿರುವುದು ನಾಲ್ಕು ತಿಂಗಳಿಂದ ನನಗೆ ಗೊತ್ತಿತ್ತು, ನಿಮಗೆ ಬರೆಯಲಿಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪೆನ್ನು ನಿಲ್ಲಲಿಲ್ಲ. ಹೊಟ್ಟನ್ನು ಎಷ್ಟು ಹೊತ್ತು ನೆನೆಸಿದ್ದು, ಯಾವ ಬಟ್ಟೆಯಲ್ಲಿ ಸೋಸಿದ್ದು, ಬೆನ್ನಿಗೆ ಎಷ್ಟು ಪದರ ಬಳಿದದ್ದು, ಅರವತ್ತು ಡಿಗ್ರಿಯ ವಿದ್ಯುತ್ ಒಲೆಪೆಟ್ಟಿಗೆಯಲ್ಲಿ ಎರಡು ಗಂಟೆ ಇಟ್ಟು ಒಣಗಿಸಿದ್ದು, ಎಲ್ಲವನ್ನೂ ಅಡುಗೆ ಹೇಳಿಕೊಡುವವಳಂತೆ ಬರೆದಳು. ಕೊನೆಗೆ ಹತ್ತೊಂಬತ್ತನೇ ಪುಸ್ತಕವನ್ನು, ಕೆಂಪು ಚುಕ್ಕೆಯ ಸಮೇತ, ಪತ್ರದ ಜೊತೆಗಿಟ್ಟು ಕಟ್ಟಿದಳು.

ಅಂಚೆ ಕೌಂಟರಿನಲ್ಲಿದ್ದಾತ ಪೊಟ್ಟಣ ಅಲ್ಲಾಡಿಸಿ, "ಒಳಗೆ ಒಡೆಯೋ ವಸ್ತು ಏನಾದ್ರೂ ಇದ್ಯಾ?" ಎಂದು ಕೇಳಿದ.

"ಆಗಲೇ ಒಡೆದಿದೆ," ಎಂದಳು.

ಉತ್ತರ ಆರನೇ ದಿನಕ್ಕೆ ಬಂತು. ಲಕೋಟೆಯನ್ನು ಅಡ್ಡಾದಿಡ್ಡಿ ಹರಿದು ಪತ್ರ ತೆಗೆದಳು. ಅದರಲ್ಲಿ ಬೈಗುಳವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಬರೀ ಪ್ರಶ್ನೆಗಳು. "ಪುಸ್ತಕವನ್ನು ಸೀಳಿ ನೋಡಿದೆ. ಅಂಟು ಕಾಗದದ ಮೇಲೆ ಗಾಜಿನಂತೆ ಕೂತಿದೆ, ಒಳಗಿಳಿದಿಲ್ಲ. ಒಲೆಪೆಟ್ಟಿಗೆ ಎಂದಿರಿ. ಅದರೊಳಗೆ ಪುಸ್ತಕದ ಮೇಲೆ ಭಾರ ಇಡುತ್ತೀರಾ? ನಿಮಗೆ ಇಷ್ಟು ಅವಸರವೇಕೆ?"

ಅವಳು ಒಲೆಪೆಟ್ಟಿಗೆಯ ಕಡೆ ನೋಡಿದಳು. ಲ್ಯಾಬಿನಲ್ಲಿ ಎಲ್ಲವನ್ನೂ ಅದರಲ್ಲೇ ಒಣಗಿಸುತ್ತಿದ್ದರು. ಮಸಿ, ಕಾಗದ, ಒಮ್ಮೊಮ್ಮೆ ಹುಳಿಯ ಒದ್ದೆ ಕಾಲುಚೀಲ. ಅಂಟನ್ನೇಕೆ ಅದರಲ್ಲಿಡಬೇಕೆಂದು ಯಾರೂ ಕೇಳಿರಲಿಲ್ಲ. ಶಾಲೆಯ ಲೈಬ್ರರಿಯಲ್ಲಿದ್ದಾಗ ಅವಳೇ ತೇಪೆ ಹಾಕಿದ ಪುಸ್ತಕಗಳ ಮೇಲೆ ದಪ್ಪ ನಿಘಂಟುಗಳನ್ನು ಹೇರಿ ಎರಡು ದಿನ ಮರೆತುಬಿಡುತ್ತಿದ್ದಳು. ಲ್ಯಾಬಿಗೆ ಬಂದ ಮೇಲೆ ತನಗೆ ಗೊತ್ತಿದ್ದುದನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದಿದ್ದಳು.

ಅಲ್ಲಿಂದ ಪತ್ರಗಳು ನಿಲ್ಲಲಿಲ್ಲ. ವಾರಕ್ಕೊಂದು ಅವಳದು, ವಾರಕ್ಕೊಂದು ಅವರದು. ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟು, ತುಸು ತೇವದ ಬಟ್ಟೆ ಹೊದಿಸಿ, ಕಬ್ಬಿಣದ ತಿರುಪು ಬಿಗಿದು ಒಂದು ಹಗಲು ಒಂದು ರಾತ್ರಿ ಬಿಡಿ ಎಂದು ಕಾರ್ಯದರ್ಶಿ ಬರೆದರು. ಬಟ್ಟೆ ಹೆಚ್ಚು ಒದ್ದೆಯಾಗಿ ಆರು ಪುಸ್ತಕಗಳು ಬೂಷ್ಟು ಹಿಡಿದವೆಂದು ಅವಳು ಬರೆದಳು. "ನನ್ನ ಮೊದಲ ವರ್ಷ ಅರವತ್ತು ಬೂಷ್ಟು ಹಿಡಿದಿದ್ದವು, ನಮ್ಮ ಅಂಗಡಿಯ ಯಜಮಾನ ಅವನ್ನು ನನ್ನ ತಲೆಯ ಮೇಲೆ ಹೊರಿಸಿ ಬೀದಿ ತುಂಬ ನಡೆಸಿದ್ದ. ನೀವು ವಾಸಿ," ಎಂದು ಅವರು ಬರೆದರು. ಒದ್ದೆ ಬಟ್ಟೆಯ ಬದಲು ಹೀರುಕಾಗದ ಹಾಕಿ, ಅದನ್ನು ಎರಡು ಸಲ ಬದಲಿಸಿದೆನೆಂದು ಅವಳು ಬರೆದಳು. ಅದಕ್ಕೆ ಬಂದ ಉತ್ತರ ಒಂದೇ ಸಾಲು: "ಇದು ನನಗೆ ಹೊಳೆದಿರಲಿಲ್ಲ."

ಆ ಸಾಲನ್ನು ಅವಳು ಎಷ್ಟು ಸಲ ಓದಿದಳೆಂದರೆ ಹುಳಿ, "ಏನಂಟಕ್ಕಾ, ಪ್ರೇಮಪತ್ರಾನಾ?" ಎಂದು ಕೆಣಕಿದಳು.

"ಅದಕ್ಕಿಂತ ಹೆಚ್ಚು," ಎಂದಳು.

ಹೀಗೆ ಕಟ್ಟಿದ ಹೊಸ ನಲವತ್ತು ಪುಸ್ತಕಗಳನ್ನು, ಬೇಗ ಹಳತಾಗಲೆಂದು, ಮೂರು ವಾರ ಬಿಸಿ ಪೆಟ್ಟಿಗೆಯ ಒಣ ಗಾಳಿಯಲ್ಲಿ ಸುಸ್ತು ಮಾಡಿಸಿ ಮೇಜಿಗೆ ತಂದಳು. ಈ ಸಲ ನೂರಲ್ಲ, ಐನೂರು ಸಲ ತೆರೆಯಬೇಕೆಂದುಕೊಂಡಳು. ಹುಳಿ ತನ್ನ ಕೆಲಸ ಬಿಟ್ಟು ಎದುರು ಕೂತಳು. ನಾಲ್ಕನೇ ದಿನ ಮೇಷ್ಟ್ರು, "ಎಲ್ಲಿ, ನನಗೂ ಹತ್ತು ಕೊಡಿ," ಎಂದು ಕುರ್ಚಿ ಎಳೆದುಕೊಂಡರು. ಲ್ಯಾಬಿನಲ್ಲಿ ಆ ವಾರವೆಲ್ಲ ಹಾಳೆಗಳ ಪಟಪಟ ಬಿಟ್ಟರೆ ಬೇರೆ ಸದ್ದಿಲ್ಲ. ಯಾರಾದರೂ ಬಾಗಿಲಲ್ಲಿ ಕೆಮ್ಮಿದರೆ ಮೂವರೂ ಒಟ್ಟಿಗೆ ಗದರುತ್ತಿದ್ದರು. ಕೊನೆಯ ಪುಸ್ತಕದ ಐನೂರನೇ ಸಲ ಮುಗಿದಾಗ ಅವಳ ಪಕ್ಕದಲ್ಲಿ ಕೆಂಪು ಮಸಿಯ ಪೆನ್ನು ಮುಚ್ಚಳ ತೆಗೆಯದೆ ಬಿದ್ದಿತ್ತು. ಒಂದೂ ಚುಕ್ಕೆ ಇಲ್ಲ.

ನಿಧಿಯ ಸಭೆ ನಡೆಯುವುದು ಹಳೆಯ ಮುದ್ರಣಾಲಯದ ಮಹಡಿಯ ಮೇಲೆ. ಕೆಳಗೆ ಯಂತ್ರ ಓಡುವಾಗ ಮೇಲಿನ ನೀರಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಉದ್ದ ಮೇಜಿನಾಚೆ ಐವರು ಕೂತಿದ್ದರು. ನಡುವೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಕತ್ತರಿಸಿದ ಬಿಳಿಗೂದಲು, ಹಲಗೆಯಂತೆ ಚಪ್ಪಟೆಯಾದ ಬಲ ಹೆಬ್ಬೆರಳು. ಅಂಟಕ್ಕನಿಗೆ ಆ ಹೆಬ್ಬೆರಳು ನೋಡಿದ ಕೂಡಲೇ ದುಂಡಗಿನ ಕೈಬರಹ ಯಾರದೆಂದು ಗೊತ್ತಾಯಿತು. ಕಾರ್ಯದರ್ಶಿ ಎಂದರೆ ಕೋಟು ತೊಟ್ಟ ಗಂಡಸೆಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಅಷ್ಟೂ ಪತ್ರಗಳಲ್ಲಿ 'ಮಾನ್ಯರೇ' ಎಂದೇ ಬರೆದಿದ್ದಳು.

ಅವಳಿಗಿಂತ ಮೊದಲು ಬಂದಿದ್ದ ಸಂಶೋಧಕರಿಬ್ಬರು ಬಣ್ಣದ ನಕ್ಷೆಗಳನ್ನು ಗೋಡೆಯ ಮೇಲೆ ತೋರಿಸಿ ಹೋಗಿದ್ದರು. ಎಲ್ಲ ಗೆರೆಗಳೂ ಮೇಲಕ್ಕೇ ಏರಿದ್ದವು. ಅವಳ ಬಳಿ ನಕ್ಷೆ ಇರಲಿಲ್ಲ. ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

ಕಾರ್ಯದರ್ಶಿ ಅದನ್ನು ಎತ್ತಿಕೊಂಡು ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು. ಆಮೇಲೆ ಯಾವ ಓದುಗನೂ ಮಾಡದಂತೆ, ಎರಡು ರಟ್ಟುಗಳನ್ನೂ ಹಿಂದಕ್ಕೆ ಬಗ್ಗಿಸಿ, ಒಂದರ ಬೆನ್ನಿಗೊಂದು ತಾಗಿಸಿ, ಹೆಬ್ಬೆರಳಿನಿಂದ ಒತ್ತಿದರು. ಕೆಳಗಿನ ಯಂತ್ರ ಅದೇ ಹೊತ್ತಿಗೆ ನಿಂತಿತು.

ಸದ್ದಿಲ್ಲ.

ಕಾರ್ಯದರ್ಶಿ ಪುಸ್ತಕವನ್ನು ಕಿವಿಗೆ ಹಿಡಿದು ಇನ್ನೊಮ್ಮೆ ಒತ್ತಿದರು. ಆಮೇಲೆ ತಮ್ಮ ಮುಂದಿದ್ದ ಕಡತದಿಂದ ಸೀಳಿದ ಹತ್ತೊಂಬತ್ತನೇ ಪುಸ್ತಕವನ್ನು ತೆಗೆದು ಹೊಸದರ ಪಕ್ಕ ಇಟ್ಟರು.

"ಹದಿನಾರು ವರ್ಷದಿಂದ ನಾನು ಈ ವರದಿಗಳನ್ನ ಓದ್ತಾ ಇದೀನಿ," ಎಂದರು ಉಳಿದ ನಾಲ್ವರಿಗೆ. "ಹದಿನಾರು ವರ್ಷವೂ ಎಲ್ಲ ತೃಪ್ತಿಕರ. ಮುರಿದಿದ್ದನ್ನ ಕಟ್ಟಿ ಕಳಿಸಿದವಳು ಇವಳೊಬ್ಬಳೇ. ಮುರಿದಿದ್ದು ಕೈಗೆ ಬಂದ್ರೆ ತಾನೇ ರಿಪೇರಿ ಮಾಡೋರಿಗೆ ಕೆಲಸ?"

ಪಕ್ಕದಲ್ಲಿದ್ದ ಗಂಟುಹುಬ್ಬಿನ ಸದಸ್ಯರು ಕಡತ ತಿರುವಿ, "ಆದ್ರೆ ಇವರ ವರದಿಯಲ್ಲಿ ಯಾವುದೋ ಮೀನು..." ಎಂದರು.

"ಆ ಮೀನುಗಳು ನಮಗೆ ಹಳೇ ನೆಂಟರು ಬಿಡಿ. ಆರು ವರ್ಷದ ಹಿಂದೆ ಇದೇ ಲ್ಯಾಬಿನಿಂದ ಹೊಲಿಗೆ ದಾರದ ಮೇಲೆ ಕೆಲಸ ಮಾಡಿದ ಒಬ್ಬನ ವರದಿಯಲ್ಲೂ ಬಂದಿದ್ದವು. ಆಗ ನಾನು ಕೇಳಲಿಲ್ಲ. ಅವನು ಕೆಲಸ ಅರ್ಧಕ್ಕೆ ಬಿಟ್ಟು ಹೋದ." ಕಾರ್ಯದರ್ಶಿ ಸೀಳಿದ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. "ಕೇಳಬೇಕಿತ್ತು. ಆ ತಪ್ಪು ನಂದು."

ಕಬ್ಬಿಣದ ಬೀರುವಿನಲ್ಲಿದ್ದ ಆರರಲ್ಲಿ ಒಂದು ಅವನದೇ ಎಂದು ಅಂಟಕ್ಕನಿಗೆ ಗೊತ್ತಿತ್ತು.

"ಒಂದು ಪ್ರಶ್ನೆ," ಎಂದರು ಗಂಟುಹುಬ್ಬಿನವರು, ಈಗ ಸ್ವಲ್ಪ ಮೆತ್ತಗಾಗಿ. "ನಾಲ್ಕನೇ ವರ್ಷ ಕೊಟ್ರೆ ಏನು ಮಾಡ್ತೀರಿ?"

ರಾತ್ರಿಯೆಲ್ಲ ಉರುಹೊಡೆದಿದ್ದ ಉತ್ತರವನ್ನು ಅವಳು ಬದಿಗಿಟ್ಟಳು. "ಒಂದು ಶಾಲೆ ಲೈಬ್ರರಿ ಗೊತ್ತು ನನಗೆ," ಎಂದಳು. "ಅಲ್ಲಿ ಬೆನ್ನು ಮುರಿದ ಪುಸ್ತಕ ಮುನ್ನೂರಿವೆ. ನಾನೇ ತೇಪೆ ಹಾಕಿದ್ದವು, ಮತ್ತೆ ಬಿಟ್ಟುಕೊಂಡಿರ್ತವೆ. ಈ ಅಂಟಲ್ಲಿ ಕಟ್ಟಿ ಮಕ್ಕಳ ಕೈಗೆ ಕೊಡ್ತೀನಿ. ಮಕ್ಕಳು ನೂರು ಸಲ ಅಂತ ಎಣಿಸಿ ತೆಗೆಯಲ್ಲ, ಮೆಲ್ಲಗೂ ತೆಗೆಯಲ್ಲ. ಬಿರುಕು ಬಿಟ್ರೆ ನಿಮಗೆ ಬರೀತೀನಿ."

ಮೇಜಿನಾಚೆ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕಾರ್ಯದರ್ಶಿ ಅಲ್ಲೇ, ಅವಳೆದುರಿಗೇ, ಹಾಳೆಯ ಮೇಲೆ ಸಹಿ ಹಾಕಿ ಪಕ್ಕದವರಿಗೆ ದಾಟಿಸಿದರು. ಹಾಳೆ ಐದು ಕೈ ದಾಟಿ ಅವಳ ಮುಂದೆ ಬಂದು ನಿಂತಿತು. ಐದು ಸಹಿಗಳು. ನಾಲ್ಕನೇ ವರ್ಷ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ದನಿ ಕೇಳಿಸಿತು. "ಏಯ್, ಹುಡುಗಿ!"

ನಲವತ್ತಮೂರು ವರ್ಷದವಳು ತಿರುಗಿದಳು.

"ಮುಂದಿನ ಪತ್ರದಲ್ಲಿ 'ಮಾನ್ಯರೇ' ಅಂತ ಬರೆದ್ರೆ ವಾಪಸ್ ಕಳಿಸ್ತೀನಿ ನೋಡು."

ಬೀದಿಗೆ ಬಂದು ಅವಳು ಮೊದಲು ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಿದರು.

"ಏನಾಯ್ತೇ? ಅಂಟಿತಾ?"

"ಅಂಟ್ತು ಅತ್ತೆ!" ಅವಳ ದನಿ ಎಷ್ಟು ಜೋರಾಗಿತ್ತೆಂದರೆ ಹಣ್ಣಿನ ಗಾಡಿಯವನು ತಿರುಗಿ ನೋಡಿದ. "ಈ ಸಲ ನಿಜವಾಗ್ಲೂ ಅಂಟ್ತು!"

"ಅಂದ್ರೆ ಮೂರು ವರ್ಷ ಹೇಳಿದ್ದು ಸುಳ್ಳೇನೇ, ಕಳ್ಳಿ?" ಎಂದರು ಅತ್ತೆ. ಆಮೇಲೆ ಫೋನು ಕೆಳಗಿಡದೆಯೇ, ಮನೆಗೆಲ್ಲ ಕೇಳುವಂತೆ ಮಗನನ್ನೂ ಮೊಮ್ಮಗಳನ್ನೂ ಕೂಗಿದರು.

ಸೋಮವಾರ ಲ್ಯಾಬಿನ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತು ಮಾತಾಡಿದರು. ಸಾಮಾನ್ಯವಾಗಿ ಕೂತೇ ಮಾತಾಡುವವರು. ಹುಣ್ಣು ತೋರಿಸಬಾರದು ಎಂದಿದ್ದು ತಾನೇ ಎಂದೂ, ತನ್ನ ಮಾತು ಕೇಳದಿದ್ದುದು ಒಳ್ಳೆಯದಾಯಿತೆಂದೂ ಎಲ್ಲರೆದುರಿಗೆ ಒಪ್ಪಿಕೊಂಡರು. ಆಮೇಲೆ ಉತ್ಸಾಹದಿಂದ ಅವಳ ಕಡೆ ತಿರುಗಿದರು.

"ಇನ್ಮೇಲೆ ಆ ಹಳೇ ಫೈಲು ಬೇಡ. ನೀವು ಬರೆದ ಪತ್ರಗಳಿಂದಲೇ ಒಂದು ಮಾದರಿ ಮಾಡಿಡಿ. ಹೆಸರು, ದಿನಾಂಕ, ಎಷ್ಟು ಬಿರುಕು ಅನ್ನೋ ಜಾಗ ಖಾಲಿ ಬಿಟ್ರೆ ಆಯ್ತು. ಎಲ್ಲರೂ ತುಂಬಿಸಿ ಕಳಿಸ್ಲಿ."

"ಹಂಗಾದ್ರೆ ಅಂಟಕ್ಕನೇ ಹೊಸ ಅಜ್ಜಿ!" ಎಂದಳು ಹುಳಿ. ಎಲ್ಲರೂ ಮೇಜು ಬಡಿದರು.

"ಆಯ್ತು ಸರ್," ಎಂದಳು ಅವಳು. ಎಲ್ಲರ ಜೊತೆ ತಾನೂ ನಕ್ಕಳು.

ಕೋಣೆ ಖಾಲಿಯಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅಜ್ಜಿಯನ್ನು ತೆರೆದಳು. ಮೂರನೇ ಪುಟದ ಕೊನೆಯಲ್ಲಿ ಮೀನುಗಳು ಹಾಗೇ ಇದ್ದವು. ಕಿಟಕಿಯಿಂದ ಬಂದ ಬಿಸಿಲು ಪರದೆಯ ಮೇಲೆ ಬಿದ್ದು ಅರ್ಧ ಸಾಲುಗಳು ಕಾಣುತ್ತಿರಲಿಲ್ಲ. ತನ್ನ ಪತ್ರ ಮುಂದಿನವರ ಕೈಯಲ್ಲಿ ಎಷ್ಟು ಬೇಗ ಬರೀ ತೃಪ್ತಿಕರವಾಗಿಬಿಡುತ್ತದೆಂದು ಅವಳು ಯೋಚಿಸಿದಳು. ಹತ್ತು ವರ್ಷದ ನಂತರ ಯಾರೋ ಹುಡುಗಿ, ಬಿರುಕೇ ಇಲ್ಲದ ಕೆಲಸದ ವರದಿಯಲ್ಲಿ 'ಹದಿನೇಳು ಬಿರುಕು' ಎಂದು ಬಿಟ್ಟುಕೊಂಡು ಕೂತಿರುತ್ತಾಳೆ.

ಮೂರು ಪುಟಗಳನ್ನೂ, ಮೀನುಗಳ ಸಮೇತ, ಒಟ್ಟಿಗೆ ಅಳಿಸಿದಳು. ಖಾಲಿ ಹಾಳೆಯ ನೆತ್ತಿಯ ಮೇಲೆ ಒಂದೇ ಸಾಲು ಬರೆದಳು: 'ಈ ಮೂರು ತಿಂಗಳಲ್ಲಿ ಏನು ಕೆಟ್ಟಿತು?' ಅದರ ಕೆಳಗೆ ಏನನ್ನೂ ಬರೆಯುವುದಿಲ್ಲ, ಮೇಷ್ಟ್ರು ಕೇಳಿದರೂ ಬರೆಯುವುದಿಲ್ಲ ಎಂದು ನಿಶ್ಚಯಿಸಿಕೊಂಡಳು. ಇವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಬೇಕು, ನಾಲ್ಕನೇ ವರ್ಷದ ಸುದ್ದಿ ಹೇಳುವ ಮೊದಲು ಆ ಹದಿನೇಳು ಪುಸ್ತಕಗಳಿಂದಲೇ ಶುರುಮಾಡಬೇಕು ಎಂದೂ.

ಫೈಲು ಉಳಿಸಿ ಮುಚ್ಚಿದಳು. ಹೆಸರು ಮಾತ್ರ ಹಾಗೇ ಬಿಟ್ಟಳು, ಅಜ್ಜಿ ಎಂದೇ. ಹುಳಿ ಬಾಗಿಲಲ್ಲಿ ಇಣುಕಿ, "ಏನ್ ಮಾಡ್ತಿದೀರಿ ಅಂಟಕ್ಕಾ?" ಎಂದಳು.

"ಏನಿಲ್ಲ ಬಾ," ಎಂದು ಅವಳು ಮೇಜಿಗೆ ಹೋಗಿ ಕೂತು, ಮುಂದಿನ ಕಂತಿನ ಮೊದಲ ಪುಸ್ತಕವನ್ನು ಕೈಗೆತ್ತಿಕೊಂಡು, ಒಂದರಿಂದ ಎಣಿಸತೊಡಗಿದಳು.